160 ಎಕರೆ ಪುಕ್ಕಟೆ ಸಿಕ್ಕವರು ಯಾಕೆ ಸೋತರು?

ಪ್ರಶ್ನೆ: ನಮ್ಮದು ತಿಪಟೂರು ತಾಲ್ಲೂಕು. ಎರಡೂವರೆ ಎಕರೆ ತೆಂಗಿನ ತೋಟವಿದೆ. ಮಗ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾದಲ್ಲಿ ಕೆಲಸದಲ್ಲಿದ್ದಾನೆ. ಹೋದ ಬೇಸಿಗೆಯಲ್ಲಿ ನಮ್ಮನ್ನು ಬಿಯಾಟ್ರಿಸ್ ಎಂಬ ಊರಿನ ಹತ್ತಿರದ ಹೋಮ್‌ಸ್ಟೆಡ್ ಸ್ಮಾರಕಕ್ಕೆ ಕರೆದುಕೊಂಡು ಹೋಗಿದ್ದ. 1862ರ ಕಾಯ್ದೆಯ ಪ್ರಕಾರ ಅರ್ಜಿ ಹಾಕಿದವರಿಗೆಲ್ಲ ಸರ್ಕಾರ 160 ಎಕರೆ ಪುಕ್ಕಟೆ ಕೊಟ್ಟಿತಂತೆ. ನಮ್ಮಲ್ಲಿ ಎರಡು ಎಕರೆ ದರಖಾಸ್ತಿಗೆ ತಾಲ್ಲೂಕು ಕಚೇರಿಗೆ ಅಲೆದು ಚಪ್ಪಲಿ ಸವೆಯುತ್ತದೆ. ಆದರೆ ಹಾಗೆ ಜಮೀನು ಸಿಕ್ಕವರಲ್ಲೂ ಎಷ್ಟೋ ಜನ ಬಿಟ್ಟುಹೋದರಂತೆ. 160 ಎಕರೆ ಇಟ್ಟುಕೊಂಡು ಸೋಲುವುದು ಹೇಗೆ? ಸೋಮಾರಿಗಳಾಗಿದ್ದರೇ? ಒಳ್ಳೆಯ ಜಮೀನನ್ನೆಲ್ಲ ರೈಲ್ವೆ ಕಂಪನಿಗಳು ಹೊಡೆದುಕೊಂಡವು ಅಂತ ಮಗನ ಸ್ನೇಹಿತರೊಬ್ಬರು ಹೇಳಿದರು, ಅದು ನಿಜವೇ? 1873ರ ಸುಮಾರಿಗೆ ಕೈಯಲ್ಲಿ 500 ಡಾಲರು ಹಿಡಿದು ಅಲ್ಲಿಗೆ ಹೋದ ರೈತನಿಗೆ ಯಾವ ದಾರಿ ಒಳ್ಳೆಯದಿತ್ತು?

ಉತ್ತರ: ನಿಮ್ಮ ಲೆಕ್ಕ ಗೊತ್ತಾಯಿತು. ಎರಡೂವರೆ ಎಕರೆಯಲ್ಲಿ ಒಂದು ಸಂಸಾರ ನಡೆಯುವುದಾದರೆ 160 ಎಕರೆಯಲ್ಲಿ ಅರವತ್ತು ಸಂಸಾರ ನಡೆಯಬೇಕು. ಈ ಲೆಕ್ಕ ಎರಡು ಕಡೆ ಕೈಕೊಡುತ್ತದೆ. ಒಂದು ಮಳೆ. ಇನ್ನೊಂದು, ಅಲ್ಲಿ ಮಾಡಿದ್ದು ಮನೆ ಊಟಕ್ಕೆ ಸಾಲುವ ಬೇಸಾಯವಲ್ಲ. ನೇಗಿಲು, ಬೇಲಿ ತಂತಿ, ಕಿಟಕಿಯ ಗಾಜು ಎಲ್ಲ ಕಾರ್ಖಾನೆಯಿಂದ ರೈಲಿನಲ್ಲಿ ಬರಬೇಕಿತ್ತು. ಬೆಳೆದದ್ದು ಅದೇ ರೈಲಿನಲ್ಲಿ ಶಿಕಾಗೋ ದಾರಿ ಹಿಡಿಯಬೇಕಿತ್ತು. ಪುಸ್ತಕಗಳಲ್ಲಿ ‘ಪಶ್ಚಿಮಕ್ಕೆ ವಲಸೆ’ ಒಂದು ಪಾಠ, ‘ಕೈಗಾರಿಕೆಯ ಬೆಳವಣಿಗೆ’ ಇನ್ನೊಂದು ಪಾಠ. ಒಬ್ಬ ರೈತನ ಖರ್ಚಿನ ಪಟ್ಟಿ ತೆಗೆದು ನೋಡಿದರೆ ಎರಡೂ ಒಂದೇ ಪಾಠ. ಸೋಮಾರಿತನದ ಮಾತನ್ನು ಇಲ್ಲಿಗೇ ಬಿಡೋಣ, ಸೋಮಾರಿಯಾದವನು ಅಲ್ಲಿ ಮೊದಲ ಚಳಿಗಾಲವನ್ನೇ ದಾಟುತ್ತಿರಲಿಲ್ಲ.

ಮೊದಲು ‘ಎಲ್ಲರಿಗೂ’ ಎಂಬ ಮಾತು. ಅರ್ಜಿ ಹಾಕಲು 21 ವರ್ಷ ತುಂಬಿರಬೇಕು ಅಥವಾ ಕುಟುಂಬದ ಯಜಮಾನರಾಗಿರಬೇಕು; ಅಮೆರಿಕದ ಪ್ರಜೆಯಾಗಿರಬೇಕು ಅಥವಾ ಪ್ರಜೆಯಾಗುವ ಇಚ್ಛೆಯನ್ನು ಬರೆದುಕೊಟ್ಟಿರಬೇಕು. ಮದುವೆಯಾಗದ ಹೆಂಗಸರಿಗೆ, ವಿಧವೆಯರಿಗೆ ಅವಕಾಶವಿತ್ತು. ಗಂಡನೊಂದಿಗಿರುವ ಹೆಂಗಸಿಗೆ ತನ್ನ ಹೆಸರಲ್ಲಿ ಇರಲಿಲ್ಲ. ಅಂತರ್ಯುದ್ಧ ಮುಗಿದ ಮೇಲೆ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಿಗೂ ದೊರೆಯಿತು. 1877ರಲ್ಲಿ ಕ್ಯಾನ್ಸಾಸ್‌ನಲ್ಲಿ ಅವರು ಕಟ್ಟಿಕೊಂಡ ನಿಕೋಡಿಮಸ್ ಎಂಬ ಊರು ಇವತ್ತಿಗೂ ಇದೆ. ಸಿಯೆರಾ ನೆವಾಡಾ ಬೆಟ್ಟಗಳನ್ನು ಕೊರೆದು ರೈಲುದಾರಿ ಮಾಡಿದ ಚೀನೀ ಕೂಲಿಗಳಿಗೆ ಮಾತ್ರ ಇಲ್ಲ, ಯಾಕೆಂದರೆ ಅವರಿಗೆ ಪೌರತ್ವದ ಬಾಗಿಲೇ ಮುಚ್ಚಿತ್ತು.

ಇನ್ನು ‘ಸರ್ಕಾರದ ಜಮೀನು’. ನೀವು ನೋಡಿ ಬಂದ ಬಿಯಾಟ್ರಿಸ್ ಸುತ್ತಲಿನ ನೆಲ ಓಟೊ-ಮಿಸೌರಿಯಾ ಎಂಬ ಮೂಲನಿವಾಸಿ ಬುಡಕಟ್ಟಿನ ಜನರದ್ದು. 1854ರ ಒಪ್ಪಂದದಲ್ಲಿ ಅವರು ಬಹುಪಾಲು ಬಿಟ್ಟುಕೊಡಬೇಕಾಯಿತು. ಬಿಗ್ ಬ್ಲೂ ನದಿಯ ದಂಡೆಯಲ್ಲಿ ಉಳಿಸಿಕೊಂಡಿದ್ದ ಪಾಲೂ ಕೈತಪ್ಪಿ, 1881ರ ಹೊತ್ತಿಗೆ ಈಗಿನ ಒಕ್ಲಹೋಮಾ ಕಡೆಗೆ ಹೊರಟರು. ಬಯಲಿನ ಬೇರೆ ಬುಡಕಟ್ಟುಗಳ ಬದುಕು ಕಾಡೆಮ್ಮೆಯ ಮೇಲೆ ನಿಂತಿತ್ತು. 1871ರ ಸುಮಾರಿಗೆ ಅದರ ದಪ್ಪ ಚರ್ಮವನ್ನು ಹದ ಮಾಡುವ ವಿಧಾನ ಪೂರ್ವದ ಚರ್ಮದ ಕಾರ್ಖಾನೆಗಳಿಗೆ ಸಿಕ್ಕಿತು. ಉಗಿಯಂತ್ರದಿಂದ ಉಳಿದ ಯಂತ್ರಗಳನ್ನು ತಿರುಗಿಸುವ ಪಟ್ಟಿಗಳಿಗೆ ಆ ಚರ್ಮ ಬಹಳ ಗಟ್ಟಿ. ಮುಂದೆ ಕೆಲವೇ ವರ್ಷಗಳಲ್ಲಿ ದಕ್ಷಿಣ ಬಯಲಿನ ಹಿಂಡುಗಳು ಮುಗಿದುಹೋದವು, ಚರ್ಮ ರೈಲು ಹತ್ತಿತು, ಮಾಂಸ ಅಲ್ಲೇ ಕೊಳೆಯಿತು. ಕಾರ್ಖಾನೆಗೂ ಗಡಿನಾಡಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಈ ಚರ್ಮದ ಪಟ್ಟಿಯ ಉದಾಹರಣೆಯೊಂದೇ ಸಾಕು.

ಈಗ ಅರ್ಜಿ. ಇಡೀ ನೆಲವನ್ನು ಮೊದಲೇ ಅಳೆದು ಆರು ಮೈಲಿ ಚದರದ ಟೌನ್‌ಶಿಪ್‌ಗಳಾಗಿ, ಪ್ರತಿಯೊಂದನ್ನು 640 ಎಕರೆಯ 36 ಸೆಕ್ಷನ್‌ಗಳಾಗಿ ಮಾಡಿದ್ದರು. ಸೆಕ್ಷನ್ನಿನ ಕಾಲು ಭಾಗವೇ ಈ 160 ಎಕರೆ. ಜಾಗ ನೋಡಿ, ಭೂ ಕಚೇರಿಯಲ್ಲಿ ನಕ್ಷೆಯ ಮೇಲೆ ಗುರುತಿಸಿ ಅರ್ಜಿ ಕೊಡಬೇಕು; ಆರು ತಿಂಗಳೊಳಗೆ ಅಲ್ಲಿ ವಾಸ ಶುರುವಾಗಬೇಕು; ಐದು ವರ್ಷ ಇದ್ದು ಸಾಗುವಳಿ ಮಾಡಿ, ಇಬ್ಬರು ಸಾಕ್ಷಿಗಳನ್ನು ಕರೆದೊಯ್ದು ಪ್ರಮಾಣ ಮಾಡಿಸಿದರೆ ಹಕ್ಕುಪತ್ರ. ಎಲ್ಲ ಸೇರಿ ಶುಲ್ಕ 18 ಡಾಲರು. ಕೂಲಿಯಾಳಿನ ದಿನಗೂಲಿ ಒಂದರಿಂದ ಒಂದೂವರೆ ಡಾಲರು ಇದ್ದ ಕಾಲ ಅದು. ಶುಲ್ಕ ಯಾರಿಗೂ ಹೊರೆಯಲ್ಲ.

ಐದು ವರ್ಷ ಕಾಯಲಾರದವರಿಗೆ ಒಂದು ಅಡ್ಡದಾರಿಯೂ ಇತ್ತು. ಆರು ತಿಂಗಳು ವಾಸವಿದ್ದು ಎಕರೆಗೆ ಒಂದೂಕಾಲು ಡಾಲರಿನಂತೆ 200 ಡಾಲರು ಕಟ್ಟಿದರೆ ಹಕ್ಕುಪತ್ರ ಕೈಗೆ. ದನದ ಕಂಪನಿಗಳು, ಮರದ ವ್ಯಾಪಾರಿಗಳು ತಮ್ಮ ಆಳುಗಳ ಹೆಸರಲ್ಲಿ ಅರ್ಜಿ ಹಾಕಿಸಿ ಜಮೀನು ಒಟ್ಟುಮಾಡಿದ್ದು ಹೆಚ್ಚಾಗಿ ಈ ದಾರಿಯಲ್ಲೇ. ವಾಸದ ಮನೆ ತೋರಿಸಲು ಚಕ್ರದ ಮೇಲಿನ ಗುಡಿಸಲನ್ನು ಒಂದು ಜಮೀನಿನಿಂದ ಇನ್ನೊಂದಕ್ಕೆ ಎಳೆಸಿದವರೂ ಇದ್ದರು. ಬೇನಾಮಿ ಎಂಬ ಪದ ಅವರಿಗೆ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ನಿಮ್ಮ ಮಗನ ಸ್ನೇಹಿತರು ಹೇಳಿದ್ದು ಅರ್ಧ ಸತ್ಯ. 1862ರ ಪೆಸಿಫಿಕ್ ರೈಲ್ವೆ ಕಾಯ್ದೆ ಹಾಕಿದ ಪ್ರತಿ ಮೈಲಿ ಹಳಿಗೆ ಹತ್ತು ಸೆಕ್ಷನ್ ಕೊಟ್ಟಿತು, 1864ರಲ್ಲಿ ಅದು ಇಪ್ಪತ್ತಾಯಿತು. ಜಮೀನನ್ನು ಚದುರಂಗದ ಮಣೆಯಂತೆ ಹಂಚಿದರು: ಬೆಸ ಸಂಖ್ಯೆಯ ಸೆಕ್ಷನ್ ಕಂಪನಿಗೆ, ಸಮ ಸಂಖ್ಯೆಯದು ಸರ್ಕಾರಕ್ಕೆ. ಕೇಂದ್ರ ಸರ್ಕಾರದಿಂದ ರೈಲ್ವೆಗಳಿಗೆ ಹೋದದ್ದು ಒಟ್ಟು ಸುಮಾರು 13 ಕೋಟಿ ಎಕರೆ. ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಜನರಿಗೆ ಸಿಕ್ಕಿದ್ದು, ಇಪ್ಪತ್ತನೆಯ ಶತಮಾನವನ್ನೂ ಸೇರಿಸಿ, ಸುಮಾರು 27 ಕೋಟಿ ಎಕರೆ, 16 ಲಕ್ಷ ಹಕ್ಕುಪತ್ರಗಳು. ಆದ್ದರಿಂದ ‘ಎಲ್ಲವನ್ನೂ’ ಎಂಬುದು ಸರಿಯಲ್ಲ. ಆದರೆ ಹಳಿಯ ಇಕ್ಕೆಲದಲ್ಲಿ ಕಂಪನಿಗೆ ಮೀಸಲಾದ ಪಟ್ಟಿಯೊಳಗೆ, ಸರ್ಕಾರಿ ಸೆಕ್ಷನ್‌ಗಳಲ್ಲೂ, 1879ರವರೆಗೆ ಸಾಮಾನ್ಯ ರೈತನಿಗೆ ಸಿಗುತ್ತಿದ್ದದ್ದು 80 ಎಕರೆ ಮಾತ್ರ. ಮಾಜಿ ಸೈನಿಕರಿಗೆ ರಿಯಾಯಿತಿ ಇತ್ತು. ಪೂರ್ತಿ 160 ಬೇಕಾದವನು ಹಳಿಯಿಂದ ದೂರ ಹೋಗಬೇಕು.

ದೂರ ಎಂದರೆ ಏನೆಂದು ಲೆಕ್ಕ ಹಾಕೋಣ. ಜೋಡಿ ಕುದುರೆಯ ಗಾಡಿ ಸುಮಾರು 40 ಬುಷೆಲ್ ಗೋಧಿ ಹೊರುತ್ತದೆ. ಬುಷೆಲ್‌ಗೆ 60 ಪೌಂಡಿನಂತೆ 2,400 ಪೌಂಡು. ದಿನಕ್ಕೆ 20 ಮೈಲಿ. ಸ್ಟೇಷನ್ 40 ಮೈಲಿ ದೂರವಿದ್ದರೆ ಹೋಗಲು ಎರಡು ದಿನ, ಬರಲು ಎರಡು ದಿನ. ಬುಷೆಲ್‌ಗೆ 80 ಸೆಂಟ್ ಸಿಕ್ಕರೆ ನಾಲ್ಕು ದಿನಕ್ಕೆ 32 ಡಾಲರು, ಅದೂ ಬೆಳೆದ ಖರ್ಚು ಕಳೆಯದೆ. 400 ಬುಷೆಲ್ ಸಾಗಿಸಲು ಹತ್ತು ಸುತ್ತು, ನಲವತ್ತು ದಿನ. ಅಷ್ಟರಲ್ಲಿ ಹಿಮ ಬಿದ್ದಿರುತ್ತದೆ.

ಜಮೀನು ಸಿಕ್ಕಿತೆನ್ನಿ. ಅದು ಹೊಲವಲ್ಲ, ಸಾವಿರಾರು ವರ್ಷದ ಹುಲ್ಲಿನ ಬೇರು ಹೆಣೆದ ಚಾಪೆ. ಸಾಮಾನ್ಯ ನೇಗಿಲು ಅದರಲ್ಲಿ ಇಳಿಯುವುದೇ ಇಲ್ಲ. ಇನ್ನೂ ಪೂರ್ವದಲ್ಲಿ, ಇಲಿನಾಯ್‌ನಲ್ಲಿ, ಎರಕದ ಕಬ್ಬಿಣದ ನೇಗಿಲಿಗೆ ಕಪ್ಪು ಜಿಗುಟು ಮಣ್ಣು ಮೆತ್ತಿಕೊಂಡು ಹತ್ತು ಹೆಜ್ಜೆಗೊಮ್ಮೆ ಕೆರೆಯಬೇಕಾಗುತ್ತಿತ್ತು. 1837ರಲ್ಲಿ ಜಾನ್ ಡೀರ್ ಎಂಬ ಕಮ್ಮಾರ ಮುರಿದ ಗರಗಸದ ಉಕ್ಕಿನಿಂದ ನಯವಾದ ನೇಗಿಲು ಮಾಡಿ ದಾರಿ ತೋರಿಸಿದ. ಬಯಲಿನಲ್ಲಿ ಬಳಸಿದ್ದು ಅದರ ಉದ್ದನೆಯ ತಮ್ಮ: ಎರಡು ಮೂರು ಅಂಗುಲ ಆಳಕ್ಕೆ ಮಾತ್ರ ಹೋಗಿ, ಒಂದಡಿ ಅಗಲದ ಪಟ್ಟಿಯನ್ನು ಪೂರ್ತಿ ಮಗುಚಿ ಹಾಕುವಂಥದ್ದು. ಎಳೆಯಲು ಎರಡರಿಂದ ನಾಲ್ಕು ಜೋಡಿ ಎತ್ತು. ದಿನಕ್ಕೆ ಒಂದೆರಡು ಎಕರೆ ಮುಗಿದರೆ ದೊಡ್ಡದು.

ಕಾಲವೂ ಸೂಕ್ಷ್ಮ. ಹುಲ್ಲು ಜೋರಾಗಿ ಬೆಳೆಯುತ್ತಿರುವ ಮೇ, ಜೂನ್‌ನಲ್ಲಿ ಉತ್ತರೆ ಬೇರು ಸತ್ತು ಕೊಳೆಯುತ್ತದೆ. ತಡವಾಗಿ ಉತ್ತರೆ ಅಥವಾ ಆಳವಾಗಿ ಉತ್ತರೆ ಹೆಂಟೆ ಕೊಳೆಯದೆ ಒಣಗಿ ಇಟ್ಟಿಗೆಯಾಗುತ್ತದೆ, ಇಲ್ಲವೇ ಹುಲ್ಲು ಮತ್ತೆ ಚಿಗುರುತ್ತದೆ. ಒಂದು ವರ್ಷ ಹೋಯಿತು. ಸರಿಯಾಗಿ ಮಗುಚಿದರೂ ಮೊದಲ ವರ್ಷ ಕೊಡಲಿಯಿಂದ ಸೀಳು ಹೊಡೆದು, ಅದರಲ್ಲಿ ಮುಸುಕಿನ ಜೋಳದ ಕಾಳು ಹಾಕಿ, ಕಾಲಿನಿಂದ ತುಳಿದು ಮುಚ್ಚುವುದೇ ಬಿತ್ತನೆ. ದನಕ್ಕೆ ಮೇವು, ಮನೆಗೆ ಒಂದಿಷ್ಟು ಹಿಟ್ಟು. ಗೋಧಿ ಎರಡನೆಯ ವರ್ಷಕ್ಕೆ. ಆದ್ದರಿಂದ 160 ಎಕರೆ ಕಾಗದದಲ್ಲಿದ್ದರೂ ಮೊದಲ ವರ್ಷ ಸಾಗುವಳಿಯಾಗುತ್ತಿದ್ದದ್ದು ಹತ್ತರಿಂದ ಇಪ್ಪತ್ತು ಎಕರೆ.

ಅದಕ್ಕಿಂತ ಹೆಚ್ಚು ಉತ್ತರೂ ಕೊಯ್ಲು ತಡೆಯುತ್ತಿತ್ತು. ಗೋಧಿ ಮಾಗಿದ ಮೇಲೆ ಹತ್ತು ಹನ್ನೆರಡು ದಿನದಲ್ಲಿ ಕೊಯ್ಯದಿದ್ದರೆ ಕಾಳು ಉದುರುತ್ತದೆ. ಉದ್ದ ಹಿಡಿಯ ದೊಡ್ಡ ಕುಡುಗೋಲಿನಿಂದ ಒಬ್ಬನಿಗೆ ದಿನಕ್ಕೆ ಎರಡು ಎಕರೆ. ಆಳು ಸಿಗುವುದಿಲ್ಲ, ಸುತ್ತಲಿನವರೆಲ್ಲ ತಮ್ಮ ತಮ್ಮ ಹೊಲದಲ್ಲೇ. ಕುದುರೆ ಎಳೆಯುವ ಕೊಯ್ಲು ಯಂತ್ರ ಹತ್ತು ಎಕರೆ ದಾಟಿಸುತ್ತಿತ್ತು. ಸೈರಸ್ ಮೆಕಾರ್ಮಿಕ್ 1847ರಲ್ಲಿ ತನ್ನ ಕಾರ್ಖಾನೆಯನ್ನು ಶಿಕಾಗೋಗೆ ತಂದದ್ದು ಈ ಗಿರಾಕಿಗಳಿಗಾಗಿಯೇ. ಅವನ ಮೊದಮೊದಲಿನ ಯಂತ್ರಕ್ಕೆ ಬೆಲೆ 120 ಡಾಲರು. 30 ಡಾಲರು ಮುಂಗಡ, ಉಳಿದದ್ದು ಸುಗ್ಗಿಯ ಮೇಲೆ. ಕಂತಿನ ವ್ಯಾಪಾರ ರೈತನ ಮನೆಗೆ ಬಂದದ್ದು ಈ ಬಾಗಿಲಿನಿಂದ.

ಮನೆಗೆ ಮರವಿಲ್ಲ. ಮಗುಚಿದ ಹುಲ್ಲಿನ ಹೆಂಟೆಯನ್ನೇ ಎರಡು ಮೂರು ಅಡಿ ಉದ್ದಕ್ಕೆ ಕತ್ತರಿಸಿ, ಹುಲ್ಲಿನ ಮುಖ ಕೆಳಗಾಗಿ ಜೋಡಿಸಿ ಗೋಡೆ ಎಬ್ಬಿಸುತ್ತಿದ್ದರು. ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ, ಮಳೆ ಬಂದರೆ ಒಳಗೆಲ್ಲ ಕೆಸರು. ಸೌದೆಯ ಬದಲು ಒಣಗಿದ ಸೆಗಣಿ. ನಮ್ಮ ಬೆರಣಿಯಂತೆ ತಟ್ಟುತ್ತಿರಲಿಲ್ಲ, ಬಯಲಿನಿಂದ ಆಯ್ದು ತರುತ್ತಿದ್ದರು. ನೀರು ನದಿದಂಡೆಯಲ್ಲಿ ಇಪ್ಪತ್ತು ಮೂವತ್ತು ಅಡಿಗೇ ಸಿಕ್ಕರೆ ದಿಬ್ಬದ ಮೇಲೆ 200 ಅಡಿ ದಾಟಿದರೂ ಇಲ್ಲ. ಆ ಆಳದಿಂದ ಕೊಡದಲ್ಲಿ ಸೇದಿ ದನಗಳಿಗೆ ಕುಡಿಸಲಾಗದು, ಗಾಳಿಯಂತ್ರವೇ ಬೇಕು. ಗಾಳಿ ಜೋರಾದಾಗ ರೆಕ್ಕೆ ತಾನಾಗಿ ಹೊಂದಿಕೊಳ್ಳುವ ಯಂತ್ರವನ್ನು ಡೇನಿಯಲ್ ಹ್ಯಾಲಡೇ 1854ರಲ್ಲೇ ಮಾಡಿದ್ದ. ಅದನ್ನು ಮೊದಲು ರಾಶಿಗಟ್ಟಲೆ ಕೊಂಡದ್ದು ಎಂಜಿನ್‌ಗಳಿಗೆ ನೀರು ಬೇಕಿದ್ದ ರೈಲ್ವೆಗಳು. ಬಡ ರೈತನ ಹೊಲಕ್ಕೆ ಅದು ಬಂದದ್ದು ಬಹಳ ತಡವಾಗಿ.

ಬೇಲಿಯ ಲೆಕ್ಕ ಇನ್ನೂ ಸ್ವಾರಸ್ಯ. ಕಾಲು ಸೆಕ್ಷನ್ನಿನ ಒಂದು ಬದಿ ಅರ್ಧ ಮೈಲಿ, ಸುತ್ತಳತೆ ಎರಡು ಮೈಲಿ. ಮೂರು ಎಳೆ ಮುಳ್ಳುತಂತಿಗೆ ಆರು ಮೈಲಿ ತಂತಿ, ಹದಿನಾರೂವರೆ ಅಡಿಗೊಂದರಂತೆ 640 ಗೂಟ. ಹದಿನಾರೂವರೆ ಅಡಿಗೆ ಸುಮಾರು ಒಂದು ಪೌಂಡಿನಂತೆ ತಂತಿಯ ತೂಕ 1,920 ಪೌಂಡು. ಜೋಸೆಫ್ ಗ್ಲಿಡನ್ ತನ್ನ ಮುಳ್ಳುತಂತಿಗೆ ಪೇಟೆಂಟ್ ಪಡೆದ 1874ರಲ್ಲಿ ನೂರು ಪೌಂಡಿಗೆ ಸುಮಾರು 20 ಡಾಲರು ಇತ್ತು. ಅಂದರೆ ಬೇಲಿ ತಂತಿಗೇ 384 ಡಾಲರು, ಜಮೀನಿನ ಶುಲ್ಕದ ಇಪ್ಪತ್ತು ಪಟ್ಟಿಗಿಂತ ಹೆಚ್ಚು! ಶತಮಾನದ ಕೊನೆಗೆ ಅದೇ ತಂತಿ ನೂರು ಪೌಂಡಿಗೆ ಎರಡು ಡಾಲರಿಗೂ ಕೆಳಗಿಳಿಯಿತು, ಉಕ್ಕು ಅಗ್ಗವಾದ್ದರಿಂದ. ಆಂಡ್ರೂ ಕಾರ್ನೆಗಿಯ ಬ್ರಾಡಕ್ ಕಾರ್ಖಾನೆ 1875ರಲ್ಲಿ ಬೆಸೆಮರ್ ಎಂಬ ಅಗ್ಗದ ವಿಧಾನದಲ್ಲಿ ತಯಾರಿಸಿದ ಉಕ್ಕಿನ ಹಳಿ ಮಾಡಲು ಶುರುಮಾಡಿತು. ದೇಶದ ರೈಲುದಾರಿ 1860ರ ಸುಮಾರು 30,000 ಮೈಲಿಯಿಂದ 1900ಕ್ಕೆ 1,93,000 ಮೈಲಿಗೆ ಬೆಳೆಯಿತು. ರೈತನಿಗೆ ಅಗ್ಗದ ತಂತಿ ಈ ಹಳಿಗಳ ಬಳುವಳಿ.

ಇಷ್ಟೆಲ್ಲ ಹೊಂದಿಸಿದವನನ್ನು ಮಳೆ ಪರೀಕ್ಷಿಸಿತು. ಪಶ್ಚಿಮ ರೇಖಾಂಶ 100 ಡಿಗ್ರಿ ನೆಬ್ರಾಸ್ಕಾದ ನಡುವೆ ಹಾದುಹೋಗುತ್ತದೆ. ಬಿಯಾಟ್ರಿಸ್ ಇರುವ ಪೂರ್ವಭಾಗದಲ್ಲಿ ವರ್ಷಕ್ಕೆ 30 ಅಂಗುಲದ ಆಸುಪಾಸು ಮಳೆ. ನೂರರ ಗೆರೆ ದಾಟಿದರೆ 20 ಅಂಗುಲಕ್ಕೂ ಕಡಿಮೆ, ಅದೂ ವರ್ಷ ವರ್ಷಕ್ಕೆ ಏರುಪೇರು. ಪಶ್ಚಿಮದ ನೆಲವನ್ನು ಸರ್ವೆ ಮಾಡಿದ್ದ ಜಾನ್ ವೆಸ್ಲಿ ಪೊವೆಲ್ 1878ರ ತನ್ನ ವರದಿಯಲ್ಲಿ ಇದನ್ನು ನೇರವಾಗಿ ಬರೆದಿದ್ದ: ಒಣಪ್ರದೇಶದಲ್ಲಿ ನೀರಾವರಿ ಇದ್ದರೆ 80 ಎಕರೆ ಸಾಕು, ಇಲ್ಲದಿದ್ದರೆ ದನ ಮೇಯಿಸಿ ಬದುಕಲು 2,560 ಎಕರೆ ಬೇಕು. 160 ಎಂಬ ಸಂಖ್ಯೆ ಎರಡಕ್ಕೂ ಹೊಂದುವುದಿಲ್ಲ! ಪೂರ್ವದ ಮಳೆನಾಡಿನ ಅಳತೆಯನ್ನು ಒಣನಾಡಿಗೆ ಹಾಗೆಯೇ ಹೊಲಿಸಿದ್ದರು.

ಸಂಸತ್ತು ಅವನ ಮಾತು ಕೇಳಲಿಲ್ಲ. ಜನ ಕೇಳಿದ್ದು ‘ನೇಗಿಲು ಹೋದಲ್ಲಿ ಮಳೆ ಹಿಂಬಾಲಿಸುತ್ತದೆ’ ಎಂಬ ಮಾತನ್ನು. 1880ರ ದಶಕದ ಕೆಲವು ಒಳ್ಳೆಯ ಮಳೆಗಾಲಗಳು ಅದಕ್ಕೆ ಸಾಕ್ಷಿ ನುಡಿದಂತೆ ಕಂಡವು, ಜಮೀನು ಮಾರುವವರು ಡಂಗುರ ಹೊಡೆದರು. 1890ರಲ್ಲಿ ಬರ, 1894ರಲ್ಲಿ ಇನ್ನೂ ದೊಡ್ಡ ಬರ. ಪಶ್ಚಿಮ ಕ್ಯಾನ್ಸಾಸ್, ಪಶ್ಚಿಮ ನೆಬ್ರಾಸ್ಕಾ ಖಾಲಿಯಾಗತೊಡಗಿದವು. ಸರ್ಕಾರ ತಿದ್ದಿಕೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ: ಪಶ್ಚಿಮ ನೆಬ್ರಾಸ್ಕಾಕ್ಕೆ 1904ರಲ್ಲಿ 640 ಎಕರೆ, ಬೇರೆ ಒಣಭಾಗಗಳಿಗೆ 1909ರಲ್ಲಿ 320 ಎಕರೆ.

ಬೆಳೆ ಬಂದ ವರ್ಷವೂ ಲೆಕ್ಕ ಕೂಡುತ್ತಿರಲಿಲ್ಲ. ಹೆಚ್ಚಿನ ಸ್ಟೇಷನ್‌ಗಳಲ್ಲಿ ಒಂದೇ ರೈಲು ಕಂಪನಿ, ಗೋಧಿ ಕೊಂಡು ತುಂಬಿಡುವ ಒಂದೋ ಎರಡೋ ಕಣಜದ ಗೋಪುರ. ಗೋಧಿಯ ದರ್ಜೆ ನಿರ್ಧರಿಸುವವನು ಅದನ್ನು ಕೊಳ್ಳುವವನೇ. ಪೈಪೋಟಿ ಇರುವ ದೊಡ್ಡ ಊರುಗಳ ನಡುವೆ ಕಡಿಮೆ ಬಾಡಿಗೆ ತೆಗೆದುಕೊಂಡ ಕಂಪನಿ, ಪೈಪೋಟಿ ಇಲ್ಲದ ಸಣ್ಣ ಸ್ಟೇಷನ್ನಿನಿಂದ ಅದಕ್ಕಿಂತ ಕಡಿಮೆ ದೂರಕ್ಕೆ ಹೆಚ್ಚು ಕೀಳುತ್ತಿತ್ತು. ರೈತರು ಸಂಘ ಕಟ್ಟಿ ರಾಜ್ಯಗಳಲ್ಲಿ ಕಾನೂನು ಮಾಡಿಸಿದರು, 1877ರಲ್ಲಿ ಸುಪ್ರೀಂ ಕೋರ್ಟು ಕಣಜದ ದರಕ್ಕೆ ರಾಜ್ಯ ಮಿತಿ ಹಾಕಬಹುದೆಂದಿತು, 1887ರಲ್ಲಿ ರೈಲ್ವೆ ದರಗಳ ಮೇಲೆ ಕೇಂದ್ರದ ಆಯೋಗ ಬಂತು. ಆಯೋಗಕ್ಕೆ ಮೊದಮೊದಲು ಹಲ್ಲಿರಲಿಲ್ಲ.

ಸಾಲ ಬೇರೆ. ಹಕ್ಕುಪತ್ರ ಬರುವ ಮೊದಲು ಮಾಡಿದ ಸಾಲಕ್ಕೆ ಹೋಮ್‌ಸ್ಟೆಡ್ ಜಮೀನನ್ನು ಮುಟ್ಟುವಂತಿಲ್ಲ ಎಂದು ಕಾಯ್ದೆ ಹೇಳಿತ್ತು. ಒಳ್ಳೆಯ ಉದ್ದೇಶವೇ. ಆದರೆ ಅದರಿಂದಾಗಿ ಜಮೀನು ತೋರಿಸಿ ಸಾಲ ಸಿಗುತ್ತಿರಲಿಲ್ಲ. ಎತ್ತು, ಯಂತ್ರ, ನಿಂತ ಬೆಳೆ ಅಡವಿಟ್ಟು ದುಬಾರಿ ಬಡ್ಡಿಗೆ ತರಬೇಕಾಗುತ್ತಿತ್ತು. ಆಗ ಮೇಲೆ ಹೇಳಿದ ಅಡ್ಡದಾರಿ ನೆನಪಾಗುತ್ತದೆ: ಸಾಲ ತಂದು 200 ಡಾಲರು ಕಟ್ಟು, ಹಕ್ಕುಪತ್ರ ತೆಗೆ, ಅದನ್ನೇ ಅಡವಿಡು. ಎಷ್ಟೋ ಜನ ಜಾರಿದ್ದು ಈ ಮೆಟ್ಟಿಲಲ್ಲಿ. ಗೋಧಿ ಬುಷೆಲ್‌ಗೆ ಒಂದು ಡಾಲರು ಇದ್ದಾಗ ತಂದ 500 ಡಾಲರು ಸಾಲ ಎಂದರೆ 500 ಬುಷೆಲ್. 1894ರ ಹೊತ್ತಿಗೆ ಬೆಲೆ ಅರ್ಧ ಡಾಲರಿಗೆ ಇಳಿದಿತ್ತು. ಬಡ್ಡಿ ಬಿಟ್ಟು ಅಸಲೇ ಈಗ 1,000 ಬುಷೆಲ್. ನಿಮ್ಮ ಮಗನ ಊರು ಒಮಾಹಾದಲ್ಲೇ 1892ರ ಜುಲೈನಲ್ಲಿ ರೈತರ ಪೀಪಲ್ಸ್ ಪಾರ್ಟಿ ಸಮಾವೇಶ ನಡೆಸಿ, ರೈಲ್ವೆ ಸರ್ಕಾರದ್ದಾಗಲಿ, ಬೆಳೆಯ ಬೆಲೆ ಏರುವಂತೆ ಬೆಳ್ಳಿ ನಾಣ್ಯ ಹೆಚ್ಚಾಗಲಿ ಎಂದು ಕೇಳಿದ್ದು ಈ ಲೆಕ್ಕದಿಂದಲೇ.

ಬಿಟ್ಟುಹೋದವರೆಲ್ಲ ಸೋತವರು ಎಂಬುದನ್ನೂ ನಾನು ಒಪ್ಪುವುದಿಲ್ಲ. ಹಕ್ಕುಪತ್ರ ಪಡೆದು, ಒಳ್ಳೆಯ ಬೆಲೆಗೆ ಮಾರಿ, ಊರಲ್ಲಿ ಅಂಗಡಿ ಇಟ್ಟವರು ಬೇಕಾದಷ್ಟು. ಪೂರ್ವ ನೆಬ್ರಾಸ್ಕಾದಲ್ಲಿ ತಳವೂರಿದವರ ಪಾಲು ದೊಡ್ಡದು. ಸೋಲು ಗುಂಪುಗೂಡಿದ್ದು ನೂರರ ಗೆರೆಯ ಪಶ್ಚಿಮಕ್ಕೆ.

ಈಗ ನಿಮ್ಮ 500 ಡಾಲರಿನ ರೈತ. ನೀವು ಆರಿಸಿದ ವರ್ಷವೇ ಕೆಟ್ಟದ್ದು. 1873ರ ಸೆಪ್ಟೆಂಬರಿನಲ್ಲಿ ರೈಲ್ವೆ ಬಾಂಡುಗಳಲ್ಲಿ ಮುಳುಗಿದ್ದ ಜೇ ಕುಕ್ ಬ್ಯಾಂಕು ಬಿದ್ದು ದೇಶಕ್ಕೆಲ್ಲ ಹಣದ ಬಿಕ್ಕಟ್ಟು ಬಂತು. 1874ರ ಬೇಸಿಗೆಯಲ್ಲಿ ಮಿಡತೆ ಬಂತು. ಮಿಡತೆ ಬಂದಾಗ ಹಲವೆಡೆ ಗೋಧಿ ಕೊಯ್ಲಾಗಿತ್ತು, ಜೋಳ ನಿಂತಿತ್ತು. ಹೀಗಾಗಿ ಹಳಬರಿಗೆ ಅರ್ಧ ಉಳಿಯಿತು. ಹೊಸ ಹೆಂಟೆಯಲ್ಲಿ ಜೋಳ ಮಾತ್ರ ಹಾಕಿದ್ದ ಹೊಸಬರಿಗೆ ಏನೂ ಉಳಿಯಲಿಲ್ಲ.

ಅವನ ದುಡ್ಡು ಹೀಗೆ ಕರಗುತ್ತದೆ. ಎತ್ತಿನ ಜೋಡಿಗೆ ನೂರರ ಮೇಲೆ, ಗಾಡಿಗೆ 75ರಿಂದ 100, ಹುಲ್ಲು ಮಗುಚುವ ನೇಗಿಲಿಗೆ 20–25, ಹಸುವಿಗೆ 30. ಬೆಲೆ ಊರಿಂದೂರಿಗೆ ಬದಲಾಗುತ್ತಿತ್ತು, ಆದರೂ ಅರ್ಧ ಹೋಯಿತೆಂದೇ ಇಟ್ಟುಕೊಳ್ಳಿ. ಉಳಿದದ್ದರಲ್ಲಿ ಬಾವಿ, ಒಲೆ, ಬೀಜ, ಎರಡನೆಯ ವರ್ಷದ ಸುಗ್ಗಿಯವರೆಗೆ ಊಟ. ಜೋಡಿ ಒಂದೇ ಇದ್ದರೆ ಎಕರೆಗೆ ಸುಮಾರು ಮೂರು ಡಾಲರು ಕೊಟ್ಟು ಬೇರೆಯವರಿಂದ ಉಳುಮೆ ಮಾಡಿಸಬೇಕು.

ದೂರದ 160 ಎಕರೆ ಹೋಮ್‌ಸ್ಟೆಡ್ ಕಾಗದದ ಮೇಲೆ ಎಲ್ಲಕ್ಕಿಂತ ಅಗ್ಗ, ಗಾಡಿಯ ಲೆಕ್ಕದಲ್ಲಿ ಎಲ್ಲಕ್ಕಿಂತ ದುಬಾರಿ. ಅದರ ಜೊತೆಗೇ 1873ರ ಮರ ನೆಡುವ ಕಾಯ್ದೆಯಲ್ಲಿ ಇನ್ನೊಂದು 160 ಎಕರೆ ಹಿಡಿಯಬಹುದಿತ್ತು, 40 ಎಕರೆ ಮರ ಬೆಳೆಸಿದರೆ. ಮರವೇ ಇಲ್ಲದ ಬಯಲಿನಲ್ಲಿ ಸಸಿ ಎಲ್ಲಿಂದ, ನೀರೆಲ್ಲಿಂದ? 1878ರಲ್ಲಿ ಅದನ್ನು 10 ಎಕರೆಗೆ ಇಳಿಸಿದರು, ಆದರೂ ಹೆಚ್ಚಿನ ಸಸಿ ಒಣಗಿದವು.

ರೈಲ್ವೆ ಜಮೀನು ಕೊಳ್ಳುವುದು ಮೂರ್ಖತನವಾಗಿರಲಿಲ್ಲ. ಬರ್ಲಿಂಗ್ಟನ್ ರೈಲ್ವೆ 1872ರಲ್ಲಿ ಹತ್ತು ವರ್ಷದ ಅವಧಿಗೆ, ನೂರಕ್ಕೆ ಆರರ ಬಡ್ಡಿಗೆ ಜಮೀನು ಮಾರುತ್ತಿತ್ತು, ಊರಿನ ಲೇವಾದೇವಿಯವರ ಬಡ್ಡಿಯ ಮುಂದೆ ಅದು ಅಗ್ಗ. ಕಂಪನಿಗೂ ರೈತ ಉಳಿಯಬೇಕಿತ್ತು. ಜಮೀನು ಒಂದು ಸಲ ಮಾರಾಟ, ಸರಕಿನ ಬಾಡಿಗೆ ಪ್ರತಿ ಸುಗ್ಗಿಗೂ. ಅಪಾಯವೆಂದರೆ ಕಂತು ಮಳೆಯನ್ನು ನೋಡಿಕೊಂಡು ಬರುವುದಿಲ್ಲ.

ಬಿಟ್ಟುಹೋಗುವವನಿಂದ ಅರ್ಧ ಮುಗಿದ ಹಕ್ಕನ್ನು ಕೊಳ್ಳುವುದೂ ನಡೆಯುತ್ತಿತ್ತು. ಉತ್ತ ಹೊಲ, ತೋಡಿದ ಬಾವಿ ಸಿದ್ಧ. ಆದರೆ 1880ರ ತಿದ್ದುಪಡಿಯ ಮೊದಲು ಇದಕ್ಕೆ ಕಾನೂನಿನ ಗಟ್ಟಿ ಆಧಾರವಿರಲಿಲ್ಲ. ಅವನು ಬಿಟ್ಟುಕೊಟ್ಟ ಕ್ಷಣಕ್ಕೂ ನಿಮ್ಮ ಅರ್ಜಿ ದಾಖಲಾಗುವ ಕ್ಷಣಕ್ಕೂ ನಡುವೆ ಬೇರೊಬ್ಬ ನುಗ್ಗಬಹುದಿತ್ತು.

ನನ್ನನ್ನು ಕೇಳಿದರೆ: 1873ರಲ್ಲಿ ಜಮೀನು ಹಿಡಿಯಲೇಬಾರದು. ಎರಡು ಮೂರು ವರ್ಷ ಅಯೋವಾದಲ್ಲಿ ಗೇಣಿಗೆ ಮಾಡಿ, ಅಲ್ಲಿನ ಹದ ಕಲಿತು, ಎತ್ತು, ಗಾಡಿ ಸ್ವಂತದ್ದು ಮಾಡಿಕೊಳ್ಳಬೇಕು. ಆಮೇಲೆ ಪೂರ್ವ ನೆಬ್ರಾಸ್ಕಾದಲ್ಲಿ, ಸ್ಟೇಷನ್ನಿಗೆ ಗಾಡಿ ಒಂದೇ ದಿನದಲ್ಲಿ ಹೋಗಿ ಬರುವಷ್ಟು ಹತ್ತಿರ, 80 ಎಕರೆ. ಗೋಧಿಯೊಂದನ್ನೇ ನಂಬದೆ ಜೋಳ, ಹಂದಿ, ಹಸು, ಕೋಳಿ. ಜೋಳದ ಬೆಲೆ ಬಿದ್ದಾಗ ಅದನ್ನು ಹಂದಿಗೆ ತಿನ್ನಿಸಿದರೆ ಕಾಲಮೇಲೆ ನಡೆದು ಮಾರುಕಟ್ಟೆಗೆ ಹೋಗುತ್ತದೆ. ಕೈಯಲ್ಲಿ 200 ಡಾಲರು ಮುಟ್ಟದೆ ಉಳಿಯಬೇಕು. ಚಳಿಗಾಲದಲ್ಲಿ ಒಮಾಹಾದ ಯೂನಿಯನ್ ಪೆಸಿಫಿಕ್ ಕಾರ್ಯಾಗಾರದಲ್ಲೋ ಹಳಿ ಕೆಲಸದಲ್ಲೋ ಕೂಲಿ ಸಿಕ್ಕರೆ ಹೋಗಬೇಕು. ಕಾರ್ಖಾನೆಯ ಕೂಲಿ ಬೇಸತ್ತು ಪಶ್ಚಿಮಕ್ಕೆ ಹೋಗಿ ರೈತನಾದ ಎಂಬ ಕಥೆ ಪ್ರಸಿದ್ಧ, ಆದರೆ ಮೇಲಿನ ಖರ್ಚು ಅವನ ಕೈಗೆಟುಕುತ್ತಿರಲಿಲ್ಲ. ಜನ ಹೆಚ್ಚಾಗಿ ಹರಿದದ್ದು ಹಿಮ್ಮುಖವಾಗಿ, ಹೊಲದಿಂದ ಊರಿಗೆ. 1850ರಲ್ಲಿ 30,000 ಜನರಿದ್ದ ಶಿಕಾಗೋ 1890ರಲ್ಲಿ 11 ಲಕ್ಷವಾಗಿತ್ತು.

ಮುಂದಿನ ಸಲ ಮಗನ ಮನೆಗೆ ಹೋದಾಗ ಕಾರಿನಲ್ಲಿ ಪ್ಲಾಟ್ ನದಿಯ ಪಕ್ಕದ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಕೋಜಾಡ್ ಎಂಬ ಊರಿನವರೆಗೆ ಹೋಗಿ. ನೂರರ ಗೆರೆ ಅಲ್ಲಿ ಹಾಯುತ್ತದೆಂದು ಫಲಕ ಹಾಕಿದ್ದಾರೆ. ಯೂನಿಯನ್ ಪೆಸಿಫಿಕ್ ಹಳಿ 1866ರ ಅಕ್ಟೋಬರಿನಲ್ಲಿ ಆ ಗೆರೆ ಮುಟ್ಟಿದಾಗ ಕಂಪನಿ ಗಣ್ಯರನ್ನು ರೈಲಿನಲ್ಲಿ ಕರೆದೊಯ್ದು ಹಬ್ಬ ಮಾಡಿತ್ತು. ಫಲಕದ ಎರಡೂ ಕಡೆ ಈಗ ಹೊಲ ಹಸಿರಾಗಿಯೇ ಕಾಣುತ್ತದೆ, ನೆಲದಡಿಯ ನೀರನ್ನು ಪಂಪು ಎತ್ತುತ್ತಿರುವುದರಿಂದ. ಪಂಪಿನ ನೀರು ಮುಟ್ಟದ ದಿಬ್ಬಗಳ ಹುಲ್ಲನ್ನು ನೋಡಿ.